ಪಕ್ಕದವನ ಮುದ್ದೆಗೆ ತಕ್ಕಡಿ ಹಿಡಿಯಬೇಡಿ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ—ನಮ್ಮ ಯಾವ ಊರಿನಲ್ಲಿ ಉಂಡರೂ ಮುದ್ದೆ ಒಂದೇ; ಉಂಡವರ ಮೈ ಒಂದೇ ಅಲ್ಲ. ಎರಡು ಮುದ್ದೆ ಉಂಡವನು ಕಡ್ಡಿಯಂತಿರುತ್ತಾನೆ. ಒಂದೇ ಉಂಡವನಿಗೆ ಬೊಜ್ಜು, ಎದೆನೋವು. ‘ಬಾಯಿಗೆ ಕಡಿವಾಣವಿಲ್ಲ’ ಎಂದು ಊರು ತೀರ್ಪು ಕೊಡುತ್ತದೆ.

ಆದರೆ ಮೈಯ ಲೆಕ್ಕ ಶುರುವಾಗುವುದು ತಾಯಿಯ ಗರ್ಭದಲ್ಲಿ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದ ವೈದ್ಯರು 1996ರಲ್ಲಿ ವರದಿ ಮಾಡಿದರು: ಹುಟ್ಟುತೂಕ 2.5 ಕಿಲೋ ಮೀರದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯರೋಗ, ಸುಮಾರು 3.2 ಕಿಲೋ ಮೀರಿದವರಲ್ಲಿ 3 ಮಂದಿಗೆ. ತಾಯಿಯೂ ಬಡಕಲಾಗಿದ್ದರೆ ರೋಗ ಇನ್ನೂ ಹೆಚ್ಚು. ಹೊಟ್ಟೆಯೊಳಗೇ ಅರೆಹಸಿವು ಕಂಡ ಕೂಸು ಇದ್ದಷ್ಟರಲ್ಲೇ ಬದುಕಲು ಮೈಯನ್ನು ಹೊಂದಿಸಿಕೊಳ್ಳುತ್ತದೆ. ಮುಂದೆ ಎಲ್ಲರ ಊಟವೇ ಅದಕ್ಕೆ ಭಾರವಾಗಬಹುದು ಎನ್ನುತ್ತಾರೆ ವೈದ್ಯರು.

ತಾಯಿಗೆ ಸಿಗದ ತುತ್ತಿನ ಬಡ್ಡಿಯನ್ನು ಮಕ್ಕಳು ಐವತ್ತು ವರ್ಷದ ಮೇಲೂ ತೆರಬೇಕಾಗುತ್ತದೆ. ಅಂಥವರನ್ನು ಹೊಟ್ಟೆಬಾಕರೆಂದು ಆಡಿಕೊಳ್ಳುವುದು ನ್ಯಾಯವೇ? ‘ಊಟ ತನ್ನಿಚ್ಛೆ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ತಕ್ಕಡಿ ಹಿಡಿಯಲೇಬೇಕಾದರೆ ನಮ್ಮ ಬೀದಿಯ ಬಸುರಿಯ ತಟ್ಟೆಗೆ, ಅವಳ ಮನೆಯ ಕೂಲಿಗೆ ಹಿಡಿಯೋಣ. ಕಡಿಮೆ ಬಿದ್ದದ್ದನ್ನು ತುಂಬಿಸಿಕೊಡೋಣ.