ಯಾವ ಸಾಲು ಹೊಡೆದರೆ ಸುದ್ದಿ ಸಾಯುತ್ತದೆ?

(ಬಡಾವಣೆಯ ಮಕ್ಕಳಿಗೆ ಭಾನುವಾರದ ಓದಿನ ಪಾಠ ಹೇಳಲು ಮುಂದೆ ಬಂದ ಯುವಕ ಯುವತಿಯರ ಎದುರು ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಮೇಷ್ಟ್ರಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಅಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿಯುತ್ತಿದ್ದರು, ನನ್ನ ಹತ್ತಿರ ಆಫ್‌ಸೆಟ್ ಇದೆ. ಬದಲಾಗದೆ ಉಳಿದಿರುವುದು ಕರಡು ತಿದ್ದುವ ಕೆಲಸ ಒಂದೇ. ಬೇರೆಯವರು ಬರೆದದ್ದನ್ನು ದಿನವಿಡೀ ಓದುವುದೇ ನನ್ನ ಹೊಟ್ಟೆಪಾಡು. ಆ ಧೈರ್ಯದ ಮೇಲೆ ನಿಮ್ಮ ಮುಂದೆ ನಿಂತಿದ್ದೇನೆ.

ನಿಮ್ಮ ಕೈಗೆ ಸಿಗುವವರು ಆರು, ಏಳು, ಎಂಟನೇ ತರಗತಿಯ ಮಕ್ಕಳು. ಕಥೆ ಕೊಟ್ಟರೆ ಓದುತ್ತಾರೆ. ಕಥೆ ತಾನೇ ಕೈಹಿಡಿದು ಎಳೆದುಕೊಂಡು ಹೋಗುತ್ತದೆ. ಪತ್ರಿಕೆಯ ವರದಿಯನ್ನೋ, ವಿಜ್ಞಾನದ ಪಾಠವನ್ನೋ, ಸರ್ಕಾರದ ಪ್ರಕಟಣೆಯನ್ನೋ ಕೊಡಿ. ಅಕ್ಷರ ತಪ್ಪದೆ ಗಟ್ಟಿಯಾಗಿ ಓದುತ್ತಾರೆ. ಏನಿತ್ತಪ್ಪಾ ಅದರಲ್ಲಿ ಅಂದರೆ ಮೊದಲ ಸಾಲನ್ನೇ ತಿರುಗಿ ಒಪ್ಪಿಸುತ್ತಾರೆ! ತಪ್ಪು ಮಕ್ಕಳದಲ್ಲ. ನಾವು ಕೇಳುವ ಪ್ರಶ್ನೆ ಹಾಗಿದೆ. ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು, ಬಿಟ್ಟ ಸ್ಥಳ ತುಂಬಿ. ಉತ್ತರಕ್ಕೆ ಮೊದಲೇ ಪೆನ್ಸಿಲ್ ಗೆರೆ ಎಳೆದಿರುತ್ತದೆ, ನೋಡಿ ಬರೆದರಾಯಿತು.

ನಾನು ಲಗ್ನಪತ್ರಿಕೆಯಿಂದ ಶುರು ಮಾಡಿದೆ. ಪ್ರೆಸ್ಸಿನಲ್ಲಿ ಹಳೆಯ ಕರಡುಗಳಿಗೇನು ಬರವೇ? ತಲಾ ಒಂದು ಕೊಟ್ಟು, 'ಒಂದೊಂದೇ ಸಾಲು ಹೊಡೆಯುತ್ತಾ ಬನ್ನಿ. ಯಾವುದನ್ನು ಹೊಡೆದರೆ ಮದುವೆಗೆ ಹೋಗೋಕಾಗಲ್ಲ, ಅಲ್ಲಿ ನಿಲ್ಲಿಸಿ' ಅಂದೆ. ಸುಖಾಗಮನ ಬಯಸುವ ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಒಂದೇ ಏಟಿಗೆ ಹೋದರು. ಉಳಿದದ್ದು ತಾರೀಖು, ಮುಹೂರ್ತ, ಕಲ್ಯಾಣಮಂಟಪ. ಒಬ್ಬ ಹುಡುಗ ವಧೂವರರ ಹೆಸರನ್ನೂ ಹೊಡೆದಿದ್ದ. ಪಕ್ಕದವಳು ಜಗಳಕ್ಕೆ ನಿಂತಳು: 'ಮಂಟಪದಲ್ಲಿ ಮೇಲೊಂದು ಕೆಳಗೊಂದು ಮದುವೆ ಇದ್ದರೆ ಯಾರ ಊಟಕ್ಕೆ ಹೋಗ್ತೀಯ?' ಆ ಜಗಳವನ್ನು ನಿಲ್ಲಿಸಬೇಡಿ, ಪಾಠ ಇರುವುದೇ ಅದರಲ್ಲಿ. ಯಾವ ವಿವರ ಮುಖ್ಯ ಅನ್ನುವುದು ಅದರ ಹಣೆಯ ಮೇಲೆ ಬರೆದಿರುವುದಿಲ್ಲ. ಅದನ್ನು ತೆಗೆದರೆ ಏನು ಬೀಳುತ್ತದೆ ಎಂದು ನೋಡಿದಾಗಲೇ ಗೊತ್ತಾಗುವುದು.

ಮುಂದಿನ ವಾರ ಒಂದು ಕರಪತ್ರ ಕೊಟ್ಟೆ. ರಾಜ್ಯೋತ್ಸವಕ್ಕೆ ನಾನೇ ಬರೆದು ನಾನೇ ಅಚ್ಚು ಹಾಕಿದ್ದು, ಎರಡು ಸಾವಿರ ಪ್ರತಿ. ಅದರಲ್ಲಿದ್ದದ್ದು ಇಷ್ಟು: ದಿವಾನ್ ಶೇಷಾದ್ರಿ ಅಯ್ಯರ್ ನಾಡಿಗೆ ವಿದ್ಯುತ್ ಕೊಟ್ಟ ಮಹನೀಯರು, ೧೮೮೩ರಿಂದ ೧೯೦೧ರವರೆಗೆ ಮೈಸೂರಿನ ದಿವಾನರು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿತು. ೧೪೭ ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿತು. ಕೊನೆಗೆ ದಪ್ಪಕ್ಷರದಲ್ಲಿ: ಏಷ್ಯಾದಲ್ಲೇ ಮೊಟ್ಟಮೊದಲ ಜಲವಿದ್ಯುತ್ ನಮ್ಮ ನೆಲದ್ದು!

(ಇಸವಿಗಳನ್ನೆಲ್ಲ ಕನ್ನಡ ಅಂಕಿಯಲ್ಲಿ ಹಾಕಿದ್ದೆ. ಅರ್ಧ ಮಕ್ಕಳಿಗೆ ಓದಲು ಬರಲಿಲ್ಲ. ಮೊದಲ ಹತ್ತು ನಿಮಿಷ ಅದಕ್ಕೇ ಹೋಯಿತು. ನೀವೂ ಅದಕ್ಕೆ ಸಿದ್ಧರಾಗಿ ಹೋಗಿ.)

ಮೂರು ಪ್ರಶ್ನೆ ಕೇಳಿದೆ. ಬರೆದವನು ವಿಷಯವನ್ನು ಹೇಗೆ ಒಳಗೆ ತಂದ? ಏನನ್ನು ತೋರಿಸಿ ನಂಬಿಸಿದ? ಎಲ್ಲಿ ಬಿಡಿಸಿ ಹೇಳಿದ, ಎಲ್ಲಿ ಬರೀ ಘೋಷಣೆ ಕೂಗಿ ಬಿಟ್ಟ?

೧೪೭ ಕಿಲೋಮೀಟರ್ ಅನ್ನು ಹೊಡೆಯಬಾರದು ಅಂದ ಒಬ್ಬ. 'ಅದು ಹೋದರೆ ಕರೆಂಟು ಪಕ್ಕದ ಬೀದಿಗೆ ಹೋದಂಗೆ ಆಗುತ್ತೆ.' ಸರಿಯಾದ ಮಾತು. ಹೆಚ್ಚುಕಡಿಮೆ ಬೆಂಗಳೂರಿಂದ ಮೈಸೂರಿಗಿರುವಷ್ಟು ದೂರ! ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಇನ್ನೊಬ್ಬಳು ೧೯೦೨ ಮತ್ತು ೧೯೦೫ನ್ನು ಅಕ್ಕಪಕ್ಕ ಬರೆದು, ಊರಿಗಿಂತ ಮೂರು ವರ್ಷ ಮೊದಲು ಗಣಿಗೇಕೆ ಕೊಟ್ಟರು ಅಂತ ಕೇಳಿದಳು. ನಾನು ಬರೆದಿರಲೇ ಇಲ್ಲ. ಗಣಿ ನಡೆಸುತ್ತಿದ್ದದ್ದು ಬ್ರಿಟಿಷರ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ. ಯಂತ್ರಗಳಿಗೆ ವಿದ್ಯುತ್ ಬೇಕಿತ್ತು, ದುಡ್ಡು ಕೊಟ್ಟು ಕೊಳ್ಳುವ ತಾಕತ್ತಿತ್ತು. ಬರಹದಲ್ಲಿ ಇಲ್ಲದ್ದನ್ನು ಹಿಡಿಯುವುದು ಇದ್ದದ್ದನ್ನು ಹಿಡಿಯುವುದಕ್ಕಿಂತ ಕಷ್ಟ. ಆ ಹುಡುಗಿ ಹಿಡಿದಳು.

ಶೇಷಾದ್ರಿ ಅಯ್ಯರ್ ವಿಷಯದಲ್ಲೂ ಹಾಗೇ. ೧೯೦೧ಕ್ಕೆ ದಿವಾನಗಿರಿ ಮುಗಿದಿದೆ, ವಿದ್ಯುತ್ ಬಂದದ್ದು ೧೯೦೨. ಹಾಗಾದರೆ ದೀಪ ನೋಡಿದರಾ? ನೋಡಲಿಲ್ಲ, ೧೯೦೧ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡರು. ಹಟ ಹಿಡಿದು ಯೋಜನೆ ಶುರು ಮಾಡಿಸಿದವರು ಅವರು ನಿಜ, ಆದರೆ 'ಕೊಟ್ಟ' ಎಂಬ ಒಂದೇ ಮಾತಿನಲ್ಲಿ ನಾನು ಎಷ್ಟೋ ಜನರನ್ನು ಮುಚ್ಚಿಬಿಟ್ಟಿದ್ದೆ. ಯೋಜನೆ ರೂಪಿಸಿದ ಎಂಜಿನಿಯರ್ ಡಿ ಲಾಟ್‌ಬಿನಿಯರ್ ಹೆಸರೇ ನನ್ನ ಕರಪತ್ರದಲ್ಲಿರಲಿಲ್ಲ.

ಆಮೇಲೆ ಏಳನೇ ಕ್ಲಾಸಿನ ಒಬ್ಬಳು ಎದ್ದು ನಿಂತು ಅಂದಳು: 'ಅಂಕಲ್, ಎಲ್ಲದಕ್ಕೂ ಅಂಕಿ ಕೊಟ್ಟಿದ್ದೀರ. ಕೊನೇ ಸಾಲಿಗೆ ಮಾತ್ರ ದಪ್ಪ ಅಕ್ಷರ ಕೊಟ್ಟಿದ್ದೀರ.'

ನನ್ನ ಕಿವಿ ಕೆಂಪಾಯಿತು. ಆ ಸಾಲನ್ನು ನಾನು ಎಲ್ಲೋ ಕೇಳಿದ್ದೆ, ಹತ್ತು ಸಲ ಅಚ್ಚೂ ಹಾಕಿದ್ದೆ. ಗ್ರಂಥಾಲಯಕ್ಕೆ ಹೋಗಿ ಕೂತು ನೋಡಿದೆ. ಡಾರ್ಜಿಲಿಂಗ್‌ನ ಸಿದ್ರಾಪಾಂಗ್ ಜಲವಿದ್ಯುತ್ ಘಟಕ ಶುರುವಾದದ್ದು ೧೮೯೭ರಲ್ಲಿ. ಜಪಾನಿನ ಕ್ಯೋಟೋದಲ್ಲಿ ಕೆಯಾಗೆ ಘಟಕ ೧೮೯೧ರಲ್ಲಿ! ಏಷ್ಯಾ ಬಿಡಿ, ಇಂಡಿಯಾದಲ್ಲೂ ನಾವು ಮೊದಲಲ್ಲ. ಬೀದಿ ದೀಪದ ಬಗ್ಗೆಯೂ ಇದೇ ಮಾತು ಓಡಾಡುತ್ತದೆ. ಟೋಕಿಯೋದಂಥ ಊರುಗಳಲ್ಲಿ ವಿದ್ಯುತ್ ದೀಪ ೧೮೮೦ರ ದಶಕದಲ್ಲೇ ಬಂದಿತ್ತು.

ಮುಂದಿನ ಭಾನುವಾರ ಮಕ್ಕಳ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ. ನಮ್ಮವರೇ ಕೆಲವರು ಬೇಸರ ಮಾಡಿಕೊಂಡರು. ನಮ್ಮ ಹೆಮ್ಮೆಯನ್ನು ನಾವೇ ಕೆರೆದು ತೆಗೆದರೆ ಹೇಗಪ್ಪಾ, ಮಕ್ಕಳಿಗೆ ಅಭಿಮಾನ ಬರುವುದು ಬೇಡವೇ ಎಂದರು. ನಾನು ಕೇಳಿದ್ದು ಇಷ್ಟೇ: ನಾಳೆ ನಾವು ಒಂದು ಕಚೇರಿಗೆ ಕನ್ನಡದಲ್ಲಿ ಬೋರ್ಡ್ ಹಾಕಿ ಎಂದು ಮನವಿ ಕೊಡುತ್ತೇವೆ. ಹತ್ತು ನಿಜದ ನಡುವೆ ಒಂದು ಸುಳ್ಳು ಸೇರಿದರೆ ಎದುರಿಗೆ ಕೂತವನು ಯಾವುದರ ಮೇಲೆ ಬೆರಳಿಡುತ್ತಾನೆ? ಅದಕ್ಕೆ ಮೊದಲು ನಮ್ಮ ಮಕ್ಕಳೇ ಬೆರಳಿಡಲಿ ಬಿಡಿ. ಆ ಹುಡುಗಿಗೆ ಅಭಿಮಾನ ಕಡಿಮೆಯಾಗಿಲ್ಲ ಸ್ವಾಮಿ, ಅವಳೀಗ ನನ್ನ ಪ್ರೆಸ್ಸಿನ ಪ್ರತಿಯೊಂದು ಕರಪತ್ರವನ್ನೂ ಕೇಳಿ ಇಸಕೊಂಡು ಓದುತ್ತಾಳೆ. ನನಗೇ ಭಯ!

ಇನ್ನು ನಿಮ್ಮ ಕೆಲಸದ ಮಾತು. ಐದಾರು ವಾಕ್ಯಕ್ಕಿಂತ ಉದ್ದದ ಬರಹ ಕೊಡಬೇಡಿ. ಪೆನ್ಸಿಲ್ ಕೊಡಿ, ಪೆನ್ ಬೇಡ; ಹೊಡೆದ ಸಾಲನ್ನು ಮತ್ತೆ ಬದುಕಿಸಲು ಬರಬೇಕು. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಈ ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು, ನಿಮಗೂ ಆಗುತ್ತದೆ. ಮಗು 'ಇದು ಮುಖ್ಯ' ಅಂದರೆ ಭೇಷ್ ಅನ್ನುವ ಮೊದಲು 'ಯಾಕೆ, ಯಾವ ಸಾಲು ನೋಡಿ ಹೇಳಿದೆ?' ಅನ್ನಿ. ಬೆರಳಿಟ್ಟು ತೋರಿಸಲಿ. ಮಾತ್ರೆಯ ಚೀಟಿ, ನೀರಿನ ಬಿಲ್ಲು, ಬಸ್ಸಿನ ವೇಳಾಪಟ್ಟಿ, ಯಾವುದಾದರೂ ಆದೀತು.

ಕಾಗದದ ಚಿಂತೆ ಬೇಡ. ಕತ್ತರಿಸಿ ಉಳಿದ ತುಂಡುಗಳು ಮೂಟೆಗಟ್ಟಲೆ ಬಿದ್ದಿವೆ, ಶನಿವಾರ ಸಂಜೆ ಬಂದು ಒಯ್ಯಿರಿ. ತಿದ್ದಿದ ಕರಪತ್ರವೂ ಅಲ್ಲೇ ಇದೆ. ಈ ಸಲ ದಪ್ಪಕ್ಷರ ಹಾಕಿರುವುದು ೧೪೭ ಕಿಲೋಮೀಟರಿಗೆ.