ಎಸಿ ನಿಂತರೆ ಮೊದಲು ನೀರು ನೋಡಿ

(ನಮ್ಮ ಸಂಘದ ಕುಟುಂಬ ಸಂಗಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಎಸಿ ಬಗ್ಗೆ ಮಾತಾಡಲು ಲೆಕ್ಕ ಬರೆಯುವವರನ್ನು ಯಾಕೆ ನಿಲ್ಲಿಸಿದ್ದಾರೆ ಅಂತ ನಿಮಗೆ ಅನಿಸಬಹುದು. ಈ ಸಭೆಯಲ್ಲೇ ಎಸಿ ಮೆಕ್ಯಾನಿಕ್‌ಗಳಿದ್ದಾರೆ, ಇಲೆಕ್ಟ್ರಿಷಿಯನ್‌ಗಳಿದ್ದಾರೆ. ಅವರಿಗೆ ಪಾಠ ಹೇಳಲು ನಾವು ಬಂದದ್ದಲ್ಲ. ಶಾರ್ಜಾದ ನಮ್ಮ ಫ್ಲ್ಯಾಟಿನಲ್ಲಿ ನಾವು ಮಾಡಿದ ಒಂದು ತಪ್ಪು, ಅದಕ್ಕೆ ತೆತ್ತ ದುಡ್ಡು, ಅದರಿಂದ ಕಲಿತ ಪಾಠ, ಇಷ್ಟನ್ನೇ ಹೇಳುತ್ತೇವೆ.

ನಮ್ಮದು ಆರು ಜನರ ರೂಮು. ಕಳೆದ ಆಗಸ್ಟ್ ತಿಂಗಳ ಒಂದು ರಾತ್ರಿ ಹನ್ನೊಂದೂವರೆಗೆ ಎಸಿ ನಿಂತಿತು. ಆಗಸ್ಟ್‌ನಲ್ಲಿ ಇಲ್ಲಿ ಎಸಿ ನಿಂತರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಗಲಿಡೀ ಬಿಸಿಲಲ್ಲಿ ಕೆಲಸ ಮಾಡಿ ಬಂದವರು ಹಾಸಿಗೆಯಲ್ಲಿ ಎದ್ದು ಕೂತರು. ಬ್ರೇಕರ್ ಸರಿ ಇತ್ತು, ರಿಮೋಟ್ ಸರಿ ಇತ್ತು, ಎಸಿ ಮಾತ್ರ ಓಡುವುದಿಲ್ಲ.

ಎಸಿಯ ಪಕ್ಕ, ಗೋಡೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಉಂಟು. ಅದು ನೀರಿನ ಪಂಪು. ಎಸಿ ಗಾಳಿಯನ್ನು ತಣ್ಣಗೆ ಮಾಡುವಾಗ ಗಾಳಿಯ ತೇವವನ್ನೂ ಹಿಂಡುತ್ತದೆ. ಸೆಕೆಯ ತಿಂಗಳಲ್ಲಿ ಒಂದೂವರೆ ಟನ್ನಿನ ಎಸಿಯಿಂದ ಗಂಟೆಗೆ ಒಂದೆರಡು ಲೀಟರ್ ನೀರು ಬರಬಹುದು. ಪೈಪಿಗೆ ಇಳಿಜಾರು ಇದ್ದರೆ ಆ ನೀರು ತಾನಾಗಿಯೇ ಬಾತ್‌ರೂಮಿನ ಮೋರಿಗೋ ಬಾಲ್ಕನಿಗೋ ಇಳಿದು ಹೋಗುತ್ತದೆ. ನಮ್ಮಲ್ಲಿ ಬಾತ್‌ರೂಮ್ ಆಚೆ ಬದಿ, ನಡುವೆ ಬೀಮ್ ಅಡ್ಡ. ಆದ್ದರಿಂದ ನೀರು ಮೊದಲು ಆ ಪೆಟ್ಟಿಗೆಗೆ ಇಳಿಯುತ್ತದೆ. ಪೆಟ್ಟಿಗೆಯೊಳಗೆ ತೇಲುವ ಒಂದು ಫ್ಲೋಟ್ ಇದೆ. ನೀರು ಏರಿದಾಗ ಫ್ಲೋಟ್ ಏರಿ ಪಂಪನ್ನು ಚಾಲೂ ಮಾಡುತ್ತದೆ. ಪಂಪು ಸಣ್ಣ ಟ್ಯೂಬಿನಲ್ಲಿ ನೀರನ್ನು ಮೇಲಕ್ಕೆತ್ತಿ ಆಚೆ ಕಳಿಸುತ್ತದೆ.

ಪಂಪು ಕೆಟ್ಟು ನೀರು ಇನ್ನೂ ಏರಿದರೆ? ಅದಕ್ಕಾಗಿಯೇ ಇನ್ನೊಂದು ಸ್ವಿಚ್ ಇಟ್ಟಿರುತ್ತಾರೆ. ಪೆಟ್ಟಿಗೆ ತುಂಬಿ ಹೊರ ಚೆಲ್ಲುವ ಮೊದಲು ಅದು ಎಸಿಯನ್ನೇ ನಿಲ್ಲಿಸುತ್ತದೆ. ಅಂದರೆ ಆ ರಾತ್ರಿ ನಮ್ಮ ಎಸಿ ಕೆಟ್ಟಿರಲಿಲ್ಲ. ನೀರು ಹೋಗುತ್ತಿಲ್ಲ ಅಂತ ಅದು ನಮಗೆ ತಿಳಿಸುತ್ತಿತ್ತು.

ನಾವು ಏನು ಮಾಡಿದೆವು? ಯಾರೋ ಹೇಳಿದ್ದು ನೆನಪಿತ್ತು, 'ಪಂಪಿನಿಂದ ಬರುವ ಆ ಎರಡು ತೆಳು ವಯರ್ ಸೇರಿಸಿಬಿಟ್ಟರೆ ಎಸಿ ಓಡ್ತದೆ' ಅಂತ. ಸೇರಿಸಿದೆವು, ಟೇಪ್ ಸುತ್ತಿದೆವು. ಎಸಿ ಓಡಿತು. 'ಮಾರಾಯ್ರೇ, ನೂರು ದಿರ್ಹಮ್ ಉಳಿಯಿತು' ಅಂತ ಒಬ್ಬರು ನಕ್ಕರು. ಎಲ್ಲರೂ ಮಲಗಿದೆವು.

ಪಂಪು ಕೆಲಸ ಮಾಡುತ್ತಿರಲಿಲ್ಲ, ಎಸಿ ಮಾತ್ರ ನೀರು ಇಳಿಸುತ್ತಲೇ ಇತ್ತು. ಪೆಟ್ಟಿಗೆ ತುಂಬಿ, ಗೋಡೆಯಲ್ಲಿ ಹರಿದು, ಕೆಳಗೆ ನೆಲದಲ್ಲಿದ್ದ ಎಕ್ಸ್‌ಟೆನ್ಶನ್ ಬೋರ್ಡಿನೊಳಗೆ ನೀರು ಹೋಯಿತು. ಫಜ್ರ್‌ಗೆ ಅಲಾರ್ಮ್ ಹೊಡೆದಾಗ ರೂಮಿನ ಕಿರಿಯ ಹುಡುಗ, ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ, ಕತ್ತಲೆಯಲ್ಲಿ ಚಾರ್ಜರ್ ತೆಗೆಯಲು ಕೈ ಹಾಕಿದ. ಬೊಬ್ಬೆ ಕೇಳಿತು. ಅಷ್ಟರಲ್ಲಿ ಮೇನ್ ಬೋರ್ಡಿನ ಇಎಲ್‌ಸಿಬಿ ಬಿದ್ದು ಕರೆಂಟ್ ಹೋಯಿತು. ಅಲ್‌ಹಮ್ದುಲಿಲ್ಲಾಹ್, ಅವನಿಗೆ ಏನೂ ಆಗಲಿಲ್ಲ. ಆದರೆ ಯೋಚಿಸಿ. ನಮ್ಮ ಮನೆಯಲ್ಲಿ ಎರಡು ಕಾವಲುಗಾರರಿದ್ದರು. ಒಬ್ಬನ ಬಾಯಿಯನ್ನು ನಾವೇ ಟೇಪ್ ಸುತ್ತಿ ಮುಚ್ಚಿದ್ದೆವು. ನಾವು ಮುಟ್ಟದೆ ಬಿಟ್ಟಿದ್ದ ಇನ್ನೊಬ್ಬ ಹುಡುಗನನ್ನು ಉಳಿಸಿದ. ಅವನೂ ಇಲ್ಲದಿದ್ದರೆ ಊರಿಗೆ ಫೋನ್ ಮಾಡುವ ಕೆಲಸ ನಮ್ಮ ಮೇಲೆ ಬರುತ್ತಿತ್ತು. ಅವನ ಉಮ್ಮನಿಗೆ ಏನು ಹೇಳುವುದಿತ್ತು?

ಇನ್ನು ದುಡ್ಡಿನ ಲೆಕ್ಕ. ನೀರು ಕೆಳಗಿನ ಫ್ಲ್ಯಾಟಿನ ಮಾಳಿಗೆಗೂ ಇಳಿದಿತ್ತು. ಅಲ್ಲಿಯ ರಿಪೇರಿ ಮತ್ತು ಪೈಂಟಿಗೆ 700 ದಿರ್ಹಮ್. ಹಾಳಾದ ಫೋನು, ಬೋರ್ಡು 380. ಕೊನೆಗೂ ಕರೆಯಲೇಬೇಕಾಗಿ ಬಂದ ಟೆಕ್ನಿಶಿಯನ್‌ಗೆ 120. ಒಟ್ಟು 1200, ತಲೆಗೆ 200. ಮೊದಲೇ ಕರೆದಿದ್ದರೆ ತಲೆಗೆ 20. ನೂರು ಉಳಿಸಲು ಹೋಗಿ ಆದದ್ದು ಇದು. ದುಡ್ಡು ಹೇಗೋ ಹೊಂದಿತು. ಕೆಳಗಿನ ಮನೆಯವರ ಮುಂದೆ ತಲೆ ತಗ್ಗಿಸಿ ನಿಂತದ್ದಕ್ಕೆ ಯಾವ ಖಾತೆಯೂ ಇಲ್ಲ. ನೆರೆಯವರ ಹಕ್ಕಿನ ಬಗ್ಗೆ ಶುಕ್ರವಾರ ಎಷ್ಟು ಸಲ ಕೇಳಿದ್ದೇವೆ!

ಆ ಟೆಕ್ನಿಶಿಯನ್ ಸಹೋದರರು ಕೆಲಸ ಮಾಡುತ್ತಲೇ ನಮಗೆ ವಿವರಿಸಿದರು. ನಾವು ಬರೆದಿಟ್ಟುಕೊಂಡೆವು. ಊರಿನಲ್ಲೂ ಈಗ ಹಲವು ಮನೆಗಳಲ್ಲಿ ಎಸಿ ಉಂಟು. ಅಲ್ಲಿಂದ ವಿಡಿಯೋ ಕಾಲ್ ಮಾಡಿ 'ಎಸಿಯಿಂದ ನೀರು ಸೋರ್ತಾ ಉಂಟು' ಅಂತ ಹೇಳಿದಾಗಲೂ ಇದು ಉಪಯೋಗಕ್ಕೆ ಬರುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇವೆ.

ನೀರು ಕಂಡರೆ, ಅಥವಾ ಎಸಿ ತಾನಾಗಿ ನಿಂತರೆ, ಮೊದಲು ಎಸಿ ಮತ್ತು ಪಂಪು ಎರಡರ ಕರೆಂಟನ್ನೂ ಬ್ರೇಕರ್‌ನಲ್ಲೇ ಬಂದ್ ಮಾಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು. ಕೆಳಗಿರುವ ಬೋರ್ಡಿಗೆ ನೀರು ತಾಗಿದ್ದರೆ ಅದರ ಕರೆಂಟನ್ನೂ ಬ್ರೇಕರ್‌ನಲ್ಲಿ ತೆಗೆಯದೆ ಕೈ ಹಾಕಬೇಡಿ.

ಆಮೇಲೆ ಪಂಪಿನ ಪೆಟ್ಟಿಗೆಯಲ್ಲಿ ನೀರು ಇದೆಯೋ ಇಲ್ಲವೋ ನೋಡಿ. ಪೆಟ್ಟಿಗೆ ಖಾಲಿ, ಆದರೆ ಎಸಿಯ ಮೈಯಿಂದ ನೀರು ತೊಟ್ಟಿಕ್ಕುತ್ತಿದೆ ಅಂದರೆ ತಪ್ಪು ಪಂಪಿನದ್ದಲ್ಲ. ಎಸಿಯೊಳಗಿನ ತಟ್ಟೆ ಅಥವಾ ಪೆಟ್ಟಿಗೆಗೆ ಬರುವ ಪೈಪು ಕಟ್ಟಿರಬಹುದು. ಫಿಲ್ಟರಿನಲ್ಲಿ ಧೂಳು ತುಂಬಿದರೆ ಒಳಗೆ ಮಂಜುಗಡ್ಡೆ ಕಟ್ಟಿ, ಅದು ಕರಗುವಾಗಲೂ ನೀರು ಹೊರಗೆ ಬೀಳುತ್ತದೆ. ಫಿಲ್ಟರ್ ತೊಳೆಯಲು ಯಾರೂ ಬೇಡ, ನಲ್ಲಿಯ ನೀರು ಸಾಕು. ಚೆನ್ನಾಗಿ ಒಣಗಿಸಿ ಹಾಕಿ.

ಪೆಟ್ಟಿಗೆಯಲ್ಲಿ ನೀರು ತುಂಬಿ ನಿಂತಿದ್ದರೆ ಪಂಪಿನ ಸರದಿ. ಅದಕ್ಕೆ ಕರೆಂಟ್ ಬರುತ್ತಿದೆಯೇ, ಪ್ಲಗ್ ಸಡಿಲವಾಗಿದೆಯೇ? ನೀರು ಹೋಗುವ ಟ್ಯೂಬ್ ಎಲ್ಲಾದರೂ ಮಡಚಿದೆಯೇ, ಮಂಚದ ಹಿಂದೆ ಒತ್ತಿದೆಯೇ? ಇಷ್ಟು ಸರಿ ಇದ್ದರೆ ಸದ್ದು ಕೇಳಿ. ಪಂಪು ಗುಂಯ್ ಅನ್ನುತ್ತದೆ, ನೀರು ಹೋಗುವುದಿಲ್ಲ ಅಂದರೆ ಒಳಗೆ ಪಾಚಿಯಂಥ ಲೋಳೆ ಕಟ್ಟಿದೆ, ಇಲ್ಲವೇ ಟ್ಯೂಬ್ ಕಟ್ಟಿದೆ. ಸದ್ದೇ ಇಲ್ಲ ಅಂದರೆ ಫ್ಲೋಟ್ ಕೆಳಗೇ ಅಂಟಿರಬಹುದು, ಅಥವಾ ಮೋಟಾರು ಸುಟ್ಟಿರಬಹುದು. ಎರಡು ನಿಮಿಷಕ್ಕೊಮ್ಮೆ ಓಡಿ ಓಡಿ ನಿಲ್ಲುತ್ತಿದ್ದರೆ, ಎತ್ತಿದ ನೀರು ಹಿಂದೆ ಬರುತ್ತಿರಬಹುದು. ನೀರು ಹಿಂದೆ ಬಾರದಂತೆ ತಡೆಯುವ ಸಣ್ಣ ವಾಲ್ವ್ ಇರುತ್ತದೆ, ಅದು ಕೆಟ್ಟರೆ ಹೀಗಾಗುತ್ತದೆ. ನಮ್ಮಲ್ಲಿ ಲೋಳೆಯೂ ಇತ್ತು, ವಾಲ್ವ್ ಸಹ ಹೋಗಿತ್ತು.

ನಾವೇ ಮಾಡಬಹುದಾದದ್ದು ಇಷ್ಟು. ಕರೆಂಟ್ ಬಂದ್ ಮಾಡಿ, ಪೆಟ್ಟಿಗೆಯ ನೀರು ತೆಗೆದು, ಲೋಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜುವುದು. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ತೊಳೆಯುವುದು. ವಿನೆಗರ್ ಹಾಕಿದಲ್ಲಿಗೆ ಬಟ್ಟೆ ಬಿಳಿ ಮಾಡುವ ಬ್ಲೀಚ್ ಮಾತ್ರ ಯಾವ ಕಾರಣಕ್ಕೂ ಸುರಿಯಬೇಡಿ. ಎರಡೂ ಸೇರಿದರೆ ವಿಷಗಾಳಿ ಹುಟ್ಟುತ್ತದೆ, ಮುಚ್ಚಿದ ರೂಮಿನಲ್ಲಿ ಅಪಾಯ. ತೊಳೆದ ಮೇಲೆ ಮುಚ್ಚಳ ಹಾಕಿ, ಕೈ ಒರಸಿ, ಕರೆಂಟ್ ಕೊಟ್ಟು, ಪೆಟ್ಟಿಗೆಗೆ ನೀರು ಬರುವ ಪೈಪಿನಿಂದ ಒಂದು ಲೋಟ ನೀರು ಮೆಲ್ಲಗೆ ಬಿಡಿ. ಪಂಪು ಚಾಲೂ ಆಗಿ, ಆಚೆ ಬಾತ್‌ರೂಮಿನಲ್ಲಿ ನೀರು ಬಿದ್ದರೆ ಸರಿಯಾಯಿತು. ವಯರ್ ಬಿಚ್ಚುವುದು, ಮೋಟಾರು ಅಥವಾ ವಾಲ್ವ್ ಬದಲಿಸುವುದು, ಗ್ಯಾಸ್ ವಿಷಯ, ಇದೆಲ್ಲ ಕೆಲಸ ಗೊತ್ತಿದ್ದವರಿಗೇ ಬಿಡಿ.

ಅರ್ಧ ರಾತ್ರಿಯಲ್ಲಿ ಪಂಪು ಸತ್ತರೆ ಬೆವರಲ್ಲೇ ಮಲಗುವುದೇ? ಬೇಡ. ಕರೆಂಟ್ ಬಂದ್ ಮಾಡಿ, ಪೆಟ್ಟಿಗೆಯ ನೀರು ಚೆಲ್ಲಿ. ಎಸಿಯಿಂದ ಪೆಟ್ಟಿಗೆಗೆ ಬರುವ ಪೈಪನ್ನು ತೆಗೆದು ಕೆಳಗೆ ಒಂದು ದೊಡ್ಡ ಬಕೆಟಿಗೆ ಬಿಡಿ. ಹತ್ತಿರ ಬೋರ್ಡು, ಚಾರ್ಜರ್ ಯಾವುದೂ ಇರಬಾರದು. ಪೆಟ್ಟಿಗೆ ಖಾಲಿಯಾದಾಗ ಫ್ಲೋಟ್ ತಾನಾಗಿ ಇಳಿಯುತ್ತದೆ, ಕಾವಲಿನ ಸ್ವಿಚ್ಚೂ ಎಸಿಗೆ ದಾರಿ ಬಿಡುತ್ತದೆ. ಇಪ್ಪತ್ತು ಲೀಟರ್ ಬಕೆಟ್ ಒಂದು ರಾತ್ರಿಗೆ ಧಾರಾಳ ಸಾಕು. ಆ ರಾತ್ರಿ ನಮ್ಮ ಬಾತ್‌ರೂಮಿನಲ್ಲಿ ಖಾಲಿ ಬಕೆಟ್ ಎರಡಿದ್ದವು! ವಯರ್ ಮುಟ್ಟಬೇಕಾದ ಅಗತ್ಯವೇ ಇರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಚಾಳಿ ಇದೆ. ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಅಂದಿನ ಪುಟ ಮುಚ್ಚುವುದು. ಪುಟ ಚೆಂದ ಕಾಣುತ್ತದೆ, ತಪ್ಪು ಒಳಗೇ ಇರುತ್ತದೆ. ವರ್ಷದ ಕೊನೆಗೆ ಅದು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಆ ಎರಡು ವಯರ್ ಸೇರಿಸಿದಾಗ ನಾವು ಮಾಡಿದ್ದೂ ಅದನ್ನೇ.

ಈಗ ನಮ್ಮ ರೂಮಿನಲ್ಲಿ ಒಂದು ನಿಯಮ ಉಂಟು. ತಿಂಗಳ ಮೊದಲ ಶುಕ್ರವಾರ ಫಿಲ್ಟರ್ ತೊಳೆಯುವುದು, ಪಂಪಿಗೆ ಒಂದು ಲೋಟ ನೀರು ಬಿಟ್ಟು ನೋಡುವುದು. ಹತ್ತು ನಿಮಿಷದ ಕೆಲಸ, ಸರದಿಯಂತೆ ಮಾಡುತ್ತೇವೆ. ಎಕ್ಸ್‌ಟೆನ್ಶನ್ ಬೋರ್ಡು ಎಸಿಯ ಕೆಳಗಿಲ್ಲ, ಎದುರು ಗೋಡೆಗೆ ಹೋಗಿದೆ. ಆ ಕಿರಿಯ ಹುಡುಗ ಈ ಸಭೆಯಲ್ಲೇ ಇದ್ದಾನೆ, ಹಿಂದೆ ಚಹಾ ಹಂಚುತ್ತಿದ್ದಾನೆ. ಅವನ ಉಮ್ಮನಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ. ಹೇಳಬೇಡಿ. ಆದರೆ ಇವತ್ತು ರಾತ್ರಿ ರೂಮಿಗೆ ಹೋದ ಕೂಡಲೇ ನಿಮ್ಮ ಎಸಿಯ ಕೆಳಗೆ ಏನಿದೆ ಅಂತ ಒಮ್ಮೆ ನೋಡಿ.

ನಮ್ಮನ್ನೂ ನಮ್ಮ ಕುಟುಂಬಗಳನ್ನೂ ಅಲ್ಲಾಹನು ಕಾಪಾಡಲಿ. ಆಮೀನ್. ಅಸ್ಸಲಾಮು ಅಲೈಕುಂ.