ಬುತ್ತಿಯೊಳಗಿನ ಕಾಳು
(ಶತಮಾನೋತ್ಸವದ ಪಾಲಕರ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಂಗಲಿಯಿಂದ ಮಿರಜಿಗೆ ಬರುವ ದಾರಿಯಲ್ಲಿ ವಾನ್ಲೆಸ್‌ವಾಡಿ ಇದೆ. ದಿನವೂ ಹಾದುಹೋಗುವ ನಮಗೆ ಅದು ಬರಿಯ ಊರಿನ ಹೆಸರು. ಆದರೆ 1894ರಲ್ಲಿ ಮಿರಜಿನಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದ ಡಾ. ವಿಲಿಯಂ ವಾನ್ಲೆಸ್ ಅವರ ನೆನಪು ಅದರಲ್ಲಿದೆ. ಕ್ಷಯರೋಗಿಗಳ ಆರೋಗ್ಯಧಾಮವೂ ಅಲ್ಲಿತ್ತು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯುವವರೆಗೆ ಕ್ಷಯವನ್ನು ಗುಣಪಡಿಸುವ ಔಷಧವೇ ಇರಲಿಲ್ಲ. ಆ ಕಾಲದ ಆರೋಗ್ಯಧಾಮಗಳಲ್ಲೆಲ್ಲ ವೈದ್ಯರ ಕೈಯಲ್ಲಿದ್ದುದು ವಿಶ್ರಾಂತಿ, ತೆರೆದ ಗಾಳಿ, ಹಾಲು, ತತ್ತಿ ಮತ್ತು ಪುಷ್ಟಿಕರ ಊಟ.

ಔಷಧ ಬಂದ ಮೇಲೆ ಊಟದ ಮಾತು ಹಿಂದೆ ಸರಿಯಿತು. ಅದನ್ನು ಮತ್ತೆ ಮುಂದಕ್ಕೆ ತಂದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು. ಝಾರ್ಖಂಡದ ಕ್ಷಯರೋಗಿಗಳ ಮನೆಮಂದಿಗೆ ಅವರು ಪ್ರತಿ ತಿಂಗಳು ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವಗಳನ್ನು ಒದಗಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇ. 39ರಷ್ಟು ತಗ್ಗಿತು. ಇದು ಬೇಳೆಯೊಂದರ ಮಹಿಮೆ ಎನ್ನಲಾಗದು. ಆದರೆ ಬೇಳೆಯಿಲ್ಲದೆ ಆಗುವ ಮಾತೂ ಅಲ್ಲ.

ಹಳೆಯ ಪಾಠಪುಸ್ತಕಗಳು ‘ಸಸಾರಜನಕ’ ಎಂದು ಕರೆದ ಪ್ರೋಟೀನು ಸ್ನಾಯುವಿಗೆ ಮಾತ್ರ ಬೇಕೆಂಬುದು ತಪ್ಪು ತಿಳಿವಳಿಕೆ. ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳೂ, ಅನ್ನವನ್ನು ಅರಗಿಸುವ ಕಿಣ್ವಗಳೂ ಪ್ರೋಟೀನುಗಳೇ. ಇವನ್ನು ಕಟ್ಟುವ ಇಪ್ಪತ್ತು ಅಮೈನೊ ಆಮ್ಲಗಳಲ್ಲಿ ಒಂಬತ್ತನ್ನು ಶರೀರ ತಾನೇ ತಯಾರಿಸಲಾರದು, ಊಟದಿಂದಲೇ ಪಡೆಯಬೇಕು. ಲೈಸಿನ್ ಅವುಗಳಲ್ಲೊಂದು.

ಇಲ್ಲಿಯೇ ನಮ್ಮ ರೊಟ್ಟಿಯ ವಿಚಾರ ಬರುತ್ತದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇದೆ, ಆದರೆ ಲೈಸಿನ್ ಕಡಿಮೆ. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡರೆ ಸಾಕೆಂದು ನಾವೂ ನಂಬಿದ್ದೆವು. ಶೇಂಗಾದಲ್ಲಿ ಪ್ರೋಟೀನು ಹೇರಳವಾಗಿದ್ದರೂ ಲೈಸಿನ್ ಅದರಲ್ಲಿಯೂ ಸಾಲದು. ಆ ಕೊರತೆ ತುಂಬುವವು ಮಡಕಿ, ಹೆಸರು, ತೊಗರಿ, ಹುರುಳಿ, ಕಡಲೆ, ಹಾಲು, ಮೊಸರು. ರೊಟ್ಟಿಯೊಡನೆ ಕಾಳಿನ ಪಲ್ಯ, ಝುಣಕ, ಗಟ್ಟಿ ಮೊಸರು ಇಟ್ಟ ಹಿರಿಯರಿಗೆ ಲೈಸಿನ್ ಎಂಬ ಹೆಸರು ತಿಳಿದಿರಲಿಲ್ಲ.

ಅವರಿಗೆ ಕಾಳು ಹೊಲದಿಂದಲೇ ಬರುತ್ತಿತ್ತು. ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಮಡಕಿ ಬೆಳೆಯುತ್ತಿದ್ದವು. ಮ್ಹೈಸಾಳ ಏತ ನೀರಾವರಿಯ ನೀರು ಬಂದು ಹೊಲಗಳಲ್ಲಿ ಕಬ್ಬು, ದ್ರಾಕ್ಷಿ ಎದ್ದವು. ಮನೆಗಳಿಗೆ ಹಣ ಬಂದಿತು, ಅದಕ್ಕೆ ನಾವು ಕೃತಜ್ಞರು. ಆದರೆ ಅಕ್ಕಡಿ ಸಾಲು ಹೋದಲ್ಲಿ ಕಾಳು ಅಂಗಡಿಯ ಸರಕಾಯಿತು, ಬೆಲೆ ಏರಿದಾಗ ಸಾರು ತೆಳುವಾಯಿತು. ಚಹಾ ಮತ್ತು ಬಿಸ್ಕಿಟಿನ ಮೇಲೆ ಶಾಲೆಗೆ ಬಂದ ಮಗು ಮೂರನೆಯ ತಾಸಿಗೆ ಬೆಂಚಿನ ಮೇಲೆ ತಲೆಯಿಡುವುದನ್ನು ಗುರುಗಳು ಬಲ್ಲರು.

ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳಿದೆ. ಶಾಲೆಯ ಮಧ್ಯಾಹ್ನದ ಊಟದಲ್ಲಿ ಐದನೆಯ ಇಯತ್ತೆಯವರೆಗೆ 12 ಗ್ರಾಂ, ಮುಂದೆ ಎಂಟರವರೆಗೆ 20 ಗ್ರಾಂ ಇರಬೇಕೆಂಬ ನಿಯಮವಿದೆ. ಉಳಿದುದು ಮನೆಯ ಹೊಣೆ. ಅದಕ್ಕೆ ಜಾಹೀರಾತಿನ ಡಬ್ಬಿ ಬೇಡ. ಒಂದು ಹಿಡಿ ಕಾಳು, ಅಂದರೆ ಮೂವತ್ತು ಗ್ರಾಂ, ಸುಮಾರು 7 ಗ್ರಾಂ ಕೊಡುತ್ತದೆ. ಒಂದು ತತ್ತಿ 6 ಗ್ರಾಂ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಬಡ ಮಕ್ಕಳಿಗೆಂದು ಪೌಷ್ಟಿಕ ಹಿಟ್ಟು ರೂಪಿಸಿದಾಗಲೂ ಆರಿಸಿದ್ದು ಎಣ್ಣೆ ತೆಗೆದ ಶೇಂಗಾ ಮತ್ತು ಕಡಲೆಯನ್ನೇ.

ತಾಯಂದಿರೇ, ಇನ್ನೊಂದು ಮಾತು ನಿಮಗೆ. ಎಷ್ಟೋ ಮನೆಗಳಲ್ಲಿ ಕೊನೆಗೆ ಉಣ್ಣುವವರು ನೀವು, ನಿಮ್ಮೊಡನೆ ಹೆಣ್ಣುಮಕ್ಕಳು. ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಉಳಿಯುವುದು ಕಟ್ಟು, ಕಾಳಲ್ಲ. ಬಡಿಸಲು ಕೂಡುವ ಮುನ್ನವೇ ನಿಮ್ಮ ಮತ್ತು ಮಗಳ ಪಾಲನ್ನು ಬೇರೆ ಬಟ್ಟಲಲ್ಲಿ ತೆಗೆದಿರಿಸಿರಿ.

ಸಭೆ ಮುಗಿದ ಮೇಲೆ, ಈ ಶಾಲೆಯಲ್ಲಿ ಕಲಿತು ವೈದ್ಯಕೀಯ ವೃತ್ತಿ ಸೇರಿದ ನಾವು ಎರಡನೆಯ ಕೋಣೆಯಲ್ಲಿ ಮಕ್ಕಳ ತೂಕ, ಎತ್ತರ ಅಳೆಯಲಿದ್ದೇವೆ. ದಯಮಾಡಿ ಕರೆತನ್ನಿರಿ.